ಡೀಸೆಲ್ ರುಚಿ ನೋಡುತ್ತಿದ್ದ ಮೇಸ್ತ್ರಿ

ಅವರ ಕೆಳತುಟಿ ವರ್ಷವಿಡೀ ಬಿರಿದೇ ಇರುತ್ತಿತ್ತು. ಚಳಿಗೆ ಒಡೆದ ತುಟಿಯಲ್ಲ; ಮೂವತ್ತು ವರ್ಷ ಡೀಸೆಲ್ ಪೈಪು ಕಚ್ಚಿ ಹೀರಿದ ತುಟಿ. ಸಿಪ್ಪೆ ಎದ್ದು, ಅಂಚು ಕಪ್ಪಾಗಿ, ನಕ್ಕರೆ ರಕ್ತ ಜಿನುಗುತ್ತಿತ್ತು. ಆದರೂ ಆ ಮನುಷ್ಯ ನಗುತ್ತಿದ್ದರು. ಅದನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಅವರು ಸತ್ತು ಎರಡು ಮಳೆಗಾಲ ಕಳೆದಿವೆ, ಈಗಲೂ ಉರಿಯುತ್ತದೆ.

ಹೊಸನಗರದಲ್ಲಿ ಪೇಟೆ ಮುಗಿಯುವ ಕಡೆ ತಗಡಿನ ಶೆಡ್ಡು ಹಾಕಿಕೊಂಡು ಹಳೆಯ ಡೀಸೆಲ್ ಗಾಡಿಗಳನ್ನಷ್ಟೇ ರಿಪೇರಿ ಮಾಡುತ್ತಿದ್ದ ಮೇಸ್ತ್ರಿ ಅವರು. ನಾನು ಕಾರ್ಗಲ್‌ನಲ್ಲಿ ನರ್ಸ್ ಆಗಿದ್ದು, ನಿವೃತ್ತಳಾದ ಮೇಲೆ ಸಾಗರದಲ್ಲಿ ನೆಲೆಸಿದವಳು. ಮಂಚ, ಗ್ಯಾಸ್ ಒಲೆ, ನೀರಿನ ಡ್ರಮ್ಮು ಎಲ್ಲ ಒಳಗೇ ಇರುವ ಒಂದು ಹಳೆಯ ವ್ಯಾನು ಕೊಂಡು ನಾನೂ ನನ್ನ ಗಂಡನೂ ಊರೂರು ಸುತ್ತುತ್ತಿದ್ದೆವು. ಸುತ್ತುತ್ತಿದ್ದೆವು ಎನ್ನುವುದು ದೊಡ್ಡ ಮಾತು. ಹತ್ತಿಪ್ಪತ್ತು ಮೈಲಿ ಹೋಗುವುದರೊಳಗೆ ಅದು ಮುಗ್ಗರಿಸಿ ನಿಲ್ಲುತ್ತಿತ್ತು. ತುಸು ಹೊತ್ತು ಬಿಟ್ಟರೆ ಏನೂ ಆಗಿಲ್ಲದ ಹಾಗೆ ಮತ್ತೆ ಹೊರಡುತ್ತಿತ್ತು. ಸಾಗರದಲ್ಲಿ ಇಬ್ಬರು ಮೆಕ್ಯಾನಿಕ್‌ಗಳು ಫಿಲ್ಟರ್ ಬದಲಿಸಿದರು, ಪಂಪು ಬಿಚ್ಚಿ ಕಟ್ಟಿದರು, ಕೊನೆಗೆ ಗುಜರಿಗೆ ಹಾಕಿ ಎಂದು ಕೈತೊಳೆದುಕೊಂಡರು.

ಒಮ್ಮೆ ಹೊಸನಗರದ ಏರಿನಲ್ಲಿ ನಿಂತಾಗ ಅಂಗಡಿಯವರೊಬ್ಬರು ಈ ಮೇಸ್ತ್ರಿಯನ್ನು ಕರೆಸಿದರು. ಬಂದವರು ಎಂಜಿನ್ ಕಡೆ ತಿರುಗಿಯೂ ನೋಡಲಿಲ್ಲ, ಸೀದಾ ಟ್ಯಾಂಕಿನ ಮುಚ್ಚಳದ ಹತ್ತಿರ ಹೋದರು. ಮಳೆನೀರು ಒಳಗಿಳಿಯಬಾರದೆಂದು ನಾನೇ ಅದಕ್ಕೆ ದಪ್ಪ ಪ್ಲಾಸ್ಟಿಕ್ ಸುತ್ತಿ, ಉಪ್ಪಿನಕಾಯಿ ಭರಣಿಯ ಬಾಯಿ ಕಟ್ಟುವ ಹಾಗೆ ಬಿಗಿದು ಕಟ್ಟಿದ್ದೆ. ಬಿಚ್ಚುತ್ತಿದ್ದಂತೆ ಟ್ಯಾಂಕು ಉಸ್ಸೆಂದು ಗಾಳಿ ಎಳೆದುಕೊಂಡಿತು.

"ಯಾರು ಕಟ್ಟಿದ್ದು ಇದ್ನ?"

"ನಾನೇ. ಮಳೆಗೆ."

"ಚೆನಾಗ್ ಕಟ್ಟೀರಿ. ಗಾಳಿ ಹೋಗೋ ತೂತೇ ಮುಚ್ಚಿದ್ರೆ ಡೀಸೆಲ್ ಎಲ್ಲಿಂದ ಇಳೀತದೆ? ನರ್ಸಂತೆ ನೀವು. ಪೇಷಂಟಿನ ಮೂಗಿಗೂ ಹೀಗೇ ಕಟ್ತಿದ್ರಾ ಸಿಸ್ಟ್ರೆ?"

ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆದರೆ ಆ ದಿನದಿಂದ ನಮ್ಮ ವ್ಯಾನನ್ನು ಬೇರೆ ಯಾರೂ ಮುಟ್ಟಲಿಲ್ಲ.

ನಾಲಿಗೆಯೇ ಅವರ ಹೆಮ್ಮೆ. ಪೈಪಿನ ತುದಿ ಬಾಯಿಗಿಟ್ಟು ಒಮ್ಮೆ ಎಳೆದು ಉಗಿದರೆ ಸಾಕು, ನೀರು ಸೇರಿದೆಯೋ, ಸೀಮೆಎಣ್ಣೆ ಬೆರೆಸಿದ್ದಾರೋ, ತುಕ್ಕು ಬರುತ್ತಿದೆಯೋ ಎಲ್ಲ ಹೇಳುತ್ತಿದ್ದರು. ಹೇಳಿದ್ದು ಒಮ್ಮೆಯೂ ತಪ್ಪಲಿಲ್ಲ. ತಪ್ಪಿದ್ದರೆ ಬಿಡುತ್ತಿದ್ದರೇನೋ! ಶೆಡ್ಡಿಗೆ ಬಂದವರು "ಎಂಥಾ ನಾಲಿಗೆ ಮಾರಾಯ್ರೆ ನಿಮ್ದು" ಎಂದು ಅಟ್ಟಕ್ಕೇರಿಸುತ್ತಿದ್ದರು. ಹಾಗೆ ಹೊಗಳಿದವರ ಮೇಲೂ ನನಗೆ ಸಿಟ್ಟಿದೆ. ಅವರಲ್ಲಿ ನನ್ನ ಗಂಡನೂ ಒಬ್ಬರು.

ಕೈಯಲ್ಲಿ ಹಿಸುಕಿ ಡೀಸೆಲ್ ಎಳೆಯುವ ರಬ್ಬರ್ ಪಂಪೊಂದನ್ನು ಶಿವಮೊಗ್ಗದಿಂದ ತಂದುಕೊಟ್ಟೆ. ಒಂದು ಚಮಚ ಶ್ವಾಸಕೋಶಕ್ಕೆ ಇಳಿದರೂ ಕಥೆ ಮುಗಿಯಿತು ಎಂದು ಬೈದೆ. "ಈ ರಬ್ಬರಿಗೆ ರುಚಿ ಗೊತ್ತಾಗ್ತದಾ ಸಿಸ್ಟ್ರೆ?" ಎಂದು ಅದನ್ನು ಮೊಳೆಗೆ ನೇತುಹಾಕಿದರು.

ಅವರೂ ನನ್ನನ್ನು ಬೈಯುತ್ತಿದ್ದರು. "ನಿಮ್ಮ ಟ್ಯಾಂಕ್ ಒಳಗೆಲ್ಲ ತುಕ್ಕು. ಇಳ್ಸಿ ತೊಳೀಬೇಕು. ಎರಡು ದಿನ ಗಾಡಿ ಬಿಟ್ಟೋಗಿ ಅಂದ್ರೆ ನಿಮಗೆ ಆಗೂದಿಲ್ಲ." ನಾನು ಪ್ರತಿ ಸಲವೂ ಮುಂದಿನ ಸಲ ಎಂದೆ. ಪೈಪು ಕಟ್ಟಿಕೊಂಡಾಗಲೆಲ್ಲ ಅವರು ಬಾಯಿ ಹಚ್ಚಿ ಎಳೆದು ಬಿಡಿಸಿಕೊಟ್ಟರು. ಹೀಗೆ ಒಬ್ಬರಿಗೊಬ್ಬರು ಬುದ್ಧಿ ಹೇಳುತ್ತ, ಇಬ್ಬರೂ ಕೇಳದೆ ನಾಲ್ಕು ವರ್ಷ ಕಳೆದೆವು.

ಆ ದಿನ ಮೇಳಿಗೆಯಲ್ಲಿ ನನ್ನ ತಂಗಿಯ ಮನೆಯ ಗೃಹಪ್ರವೇಶ. ಹೊಸನಗರದ ಆಚೆ ನಗರವೆಂಬ ಊರು ದಾಟಿದ್ದೇ ವ್ಯಾನು ನಿಂತಿತು. ಫೋನ್ ಮಾಡಿದೆ, ಮೇಸ್ತ್ರಿ ಮೊಪೆಡ್ ಹತ್ತಿ ಬಂದರು. ತೀರ್ಥಹಳ್ಳಿ ದಾಟಿ ಹೋಗಬೇಕು, ಬೇಗ ಮಾಡಿ ಎಂದು ನಾನೇ ತಲೆಯ ಮೇಲೆ ನಿಂತು ಅವಸರ ಮಾಡಿದೆ. ಹಿಂದಿನ ದಿನವಷ್ಟೇ ಟ್ಯಾಂಕು ತುಂಬಿಸಿದ್ದೆ. ಅವರು ಪೈಪಿಗೆ ಬಾಯಿ ಹಚ್ಚಿ ಜೋರಾಗಿ ಎಳೆದರು. ಕಟ್ಟಿಕೊಂಡಿದ್ದ ತುಕ್ಕು ಬಿಟ್ಟು ಡೀಸೆಲ್ ಒಮ್ಮೆಲೇ ಗಂಟಲಿಗೆ ನುಗ್ಗಿತು. ಕೆಮ್ಮಿದರು. ಕೆಮ್ಮು ನಿಲ್ಲಲೇ ಇಲ್ಲ. ಮುಖ ಕೆಂಪಾಗಿ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಕೆಮ್ಮುತ್ತಲೇ ಪೈಪು ಜೋಡಿಸಿ, ಅದರಲ್ಲಿ ಸೇರಿದ್ದ ಗಾಳಿ ತೆಗೆದು, ಗಾಡಿ ಸ್ಟಾರ್ಟ್ ಮಾಡಿಕೊಟ್ಟರು.

"ಆಸ್ಪತ್ರೆಗೆ ಹೋಗಿ" ಎಂದೆ.

"ಎಂತದೂ ಇಲ್ಲ. ಮಜ್ಜಿಗೆ ಕುಡ್ದು ವಾಂತಿ ಮಾಡಿದ್ರೆ ಹೋಗ್ತದೆ. ನಂಗಿದು ಹೊಸ್ತಾ? ಹೊರಡಿ ನೀವು, ಹೊತ್ತಾತು."

ಹಾಗೆ ವಾಂತಿ ಮಾಡಲೇಬಾರದು, ಮಾಡಿದರೆ ಇನ್ನಷ್ಟು ಶ್ವಾಸಕೋಶಕ್ಕೆ ಇಳಿಯುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಲಿಲ್ಲವೆಂದಲ್ಲ. "ವಾಂತಿ ಗೀಂತಿ ಮಾಡ್ಬೇಡಿ" ಎಂದು ಕಿಟಕಿಯಿಂದ ಕೂಗಿದೆ, ವ್ಯಾನು ಹೊರಟ ಮೇಲೆ. ಎಂಜಿನ್ ಸದ್ದಿನಲ್ಲಿ ಅದು ಅವರಿಗೆ ಕೇಳಿಸಿತೋ ಇಲ್ಲವೋ ತಿಳಿಯದು.

ಅವರು ಮಜ್ಜಿಗೆ ಕುಡಿದರು, ಗಂಟಲಿಗೆ ಬೆರಳು ಹಾಕಿ ವಾಂತಿಯನ್ನೂ ಮಾಡಿದರು. ಎರಡನೇ ದಿನ ಜ್ವರ, ಮೂರನೇ ದಿನ ಏದುಸಿರು. ಆಮೇಲೆ ಶಿವಮೊಗ್ಗಕ್ಕೆ ಒಯ್ದರು. ಒಂಬತ್ತನೇ ದಿನ ಮನೆಗೆ ತಂದದ್ದು ಹೆಣ.

ನಾನು ಹೋದಾಗ ಅಂಗಳದ ತುಂಬ ಜನ. "ಆಯಸ್ಸು ಇದ್ದದ್ದೇ ಅಷ್ಟು" ಎಂದು ಒಬ್ಬರು ಹೇಳಿದರು, ನಾಲ್ಕು ಜನ ತಲೆಯಾಡಿಸಿದರು. ಆಯಸ್ಸಂತೆ! ಐವತ್ತೆಂಟು ವರ್ಷದ ಗಟ್ಟಿ ಮನುಷ್ಯ. ಕೆನ್ನೆಗೆ ಎರಡು ಬಾರಿಸೋಣ ಎನ್ನಿಸಿತು, ಯಾರ ಕೆನ್ನೆಗೆ ಎಂದು ತಿಳಿಯಲಿಲ್ಲ.

ಅವರ ಹೆಂಡತಿ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಅವತ್ತೇ ಆಸ್ಪತ್ರೆಗೆ ಹೋಗಾಣ ಅಂತ ಎಷ್ಟ್ ಹೇಳ್ದೆ ಸಿಸ್ಟ್ರೆ, ಕೇಳ್ಲಿಲ್ಲ. 'ಸಿಸ್ಟ್ರು ಅಲ್ಲೇ ಇದ್ರು ಮಾರಾಯ್ತಿ, ಹೆದ್ರೋ ಅಂಥದ್ದಾಗಿದ್ರೆ ಅವ್ರು ನನ್ನ ಬಿಟ್ಟು ಹೋಗ್ತಿದ್ರಾ' ಅಂದ್ರು."

ಬಿಟ್ಟು ಹೋಗಿದ್ದೆ. ಮೇಳಿಗೆಯಲ್ಲಿ ಮೊದಲನೇ ಪಂಕ್ತಿಯಲ್ಲೇ ಊಟಕ್ಕೆ ಕೂತಿದ್ದೆ.