ಮುಸ್ಸಂಜೆಯ ಮುಂಬಾಗಿಲು

ಉಡುಪಿಯ ದೇವಕಿಯಕ್ಕನದು ಮಹಾ ಹಟ. ಗಂಡ ಐತಪ್ಪ ಮಲೇಶಿಯಾದ ಪೆನಾಂಗಿನ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಮೇಷ್ಟ್ರು. ನನ್ನ ಗಂಡನೂ ಅಲ್ಲೇ. ನಾವೆಲ್ಲ ಹೊಸ ಕಾಂಡೊ ಫ್ಲ್ಯಾಟು ಹುಡುಕುತ್ತಿದ್ದ 1998ರಲ್ಲಿ ಈಯಮ್ಮ ಅಲ್ಲಿನ ಹಳೇ ಪೇಟೆ ಜಾರ್ಜ್‌ಟೌನಿನ ಹಳೇ ಟ್ರಾಮ್ ಬೀದಿಯಲ್ಲಿ ಮನೆ ಕೊಂಡರು. ಟ್ರಾಮ್ ನಿಂತು ಅರವತ್ತು ವರ್ಷ ದಾಟಿತ್ತು; ಟಾರು ಕಿತ್ತಲ್ಲಿ ಕಂಬಿ ಇನ್ನೂ ಇಣುಕುತ್ತಿತ್ತು. ಇಪ್ಪತ್ತು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದವರಿಗೆ ಅದು ಮೊದಲ ಸ್ವಂತ ಮನೆ.

"ಇನ್ನು ನನ್ನನ್ನು ಇಲ್ಲಿಂದ ಎಬ್ಬಿಸ್ಲಿಕ್ಕೆ ಯಾರಿಂದ್ಲೂ ಆಗುದಿಲ್ಲ" ಎಂದಿದ್ದರು.

ಮನೆ ಮಾರಿದ ಚೀನಿ ಮುದುಕಿ ಟಾನ್ ಅಜ್ಜಿ ಕೀಲಿ ಕೊಡುವಾಗ ಒಂದೇ ಮಾತು ಹೇಳಿದ್ದಳು: ಸಂಜೆ ಮುಂಬಾಗಿಲು ತೆಗೆಯಬೇಡ, ಹಿಂದಿನದನ್ನು ಬಳಸು.

ಉಡುಪಿಯ ಹೆಂಗಸಿಗೆ ಹೇಳುವ ಮಾತೇ ಅದು! ದೀಪ ಹಚ್ಚುವ ಹೊತ್ತಿಗೆ ಹಿಂಬಾಗಿಲು ಹಾಕಿ ಮುಂಬಾಗಿಲು ತೆರೆಯದಿದ್ದರೆ ಲಕ್ಷ್ಮಿ ಬರುವುದೆಲ್ಲಿಂದ? ದೇವಕಿಯಕ್ಕ ಮೊದಲ ಸಂಜೆಯೇ ಅಗಳಿ ತೆಗೆದರು. ಚಪ್ಪಲಿಯ ಸದ್ದು ಮೆಟ್ಟಿಲೇರಿ ಬಂದು ಹೊಸ್ತಿಲ ಬಳಿ ನಿಂತಿತು. ಅಲ್ಲಿ ಯಾರೂ ಇರಲಿಲ್ಲ.

ದಿನವೂ ಹಾಗೆಯೇ. ಹಗಲೆಲ್ಲ ಹೆಣ ಕೊಯ್ಯುವ ಐತಪ್ಪನವರು ನಾಲ್ಕನೇ ಸಂಜೆ ಬೆವತು ಕೂತರು. "ಬಾಗಿಲು ಹಾಕು ಮಾರಾಯ್ತಿ, ಇಲ್ಲದಿದ್ರೆ ಮನೆ ಮಾರುವ." ಕೇಳಿ ನಾನು ನಕ್ಕೆ. ಮರುದಿನ ಹೋಗಿ ನನ್ನ ಕಿವಿಯಲ್ಲೇ ಕೇಳಿಸಿಕೊಂಡ ಮೇಲೆ ನಗು ಬರಲಿಲ್ಲ.

ದೇವಕಿಯಕ್ಕ ನನ್ನನ್ನೂ ಎಳೆದುಕೊಂಡು ಅಜ್ಜಿಯ ಮಗನ ಫ್ಲ್ಯಾಟಿಗೆ ಹೋಗಿ, ಮಾರ್ಕೆಟ್ಟಿನಲ್ಲಿ ಕಲಿತ ಮಲಯ್‌ನಲ್ಲಿ ಜಗಳಕ್ಕೇ ನಿಂತರು. ಕೊನೆಗೆ ಅಜ್ಜಿ ಬಾಯಿ ಬಿಟ್ಟಳು. ಗಂಡ ಟ್ರಾಮ್ ಕಂಡಕ್ಟರ್. ಟಿಕೆಟ್ ತೂತು ಮಾಡುವ ಕಬ್ಬಿಣದ ಇಕ್ಕಳದಿಂದ ಮೂರು ಸಲ ಬಾಗಿಲು ಬಡಿದರೆ ಅವನೇ ಎಂದರ್ಥ. ಟ್ರಾಮ್ ಹೋಗಿ ಟ್ರಾಲಿ ಬಸ್ಸು ಬಂದರೂ ಆ ಅಭ್ಯಾಸ ಹೋಗಲಿಲ್ಲ. ಜಪಾನೀಯರು ಊರಿಗೆ ನುಗ್ಗಿದ ವರ್ಷ, ಒಂದು ಮುಸ್ಸಂಜೆ ಯಾರೋ ಬರಿಗೈಯಲ್ಲಿ ಬಡಿದರು. ಸೈನಿಕರೆಂದು ಹೆದರಿ ಅವಳು ತೆಗೆಯಲಿಲ್ಲ. ಕಿಟಕಿಯ ಸಂದಿಯಿಂದ ನೋಡಿದಾಗ ಸೈನಿಕರು ಗಂಡನನ್ನೇ ಎಳೆದೊಯ್ಯುತ್ತಿದ್ದರು. ಅವನು ಮತ್ತೆ ಬರಲಿಲ್ಲ. ಅಂದಿನಿಂದ ಐವತ್ತಾರು ವರ್ಷ ಆ ಹೆಜ್ಜೆ ಕೇಳುತ್ತಾ, ಅಗಳಿ ಹಾಕಿಕೊಂಡೇ ಬದುಕಿದ್ದಳು.

"ನನ್ನ ಮೇಲೆ ಅವನಿಗೆ ಕೋಪ" ಎಂದು ಅತ್ತಳು.

ದೇವಕಿಯಕ್ಕ ನನ್ನತ್ತ ತಿರುಗಿದರು. "ಕೋಪ ಇದ್ರೆ ಒಳಗೆ ನುಗ್ತಿರ್ಲಿಲ್ವಾ? ಬಾಗಿಲು ತೆರೆದೇ ಉಂಟಲ್ಲ. ಕರೆಯದೆ ಬರುದು ಹೇಗೆ ಅಂತ ನಿಂತಿದ್ದಾರೆ, ಪಾಪ." ಅಜ್ಜಿಗೂ ಅದನ್ನೇ ಹೇಳಿ, ಕೈಹಿಡಿದು ಎಬ್ಬಿಸಿದರು.

ಆ ಸಂಜೆ ದೀಪ ಹಚ್ಚಿದ್ದು ದೇವಕಿಯಕ್ಕ, ಅಗಳಿ ತೆಗೆದದ್ದು ಅಜ್ಜಿ. ಹೆಜ್ಜೆ ಬಂತು, ಹೊಸ್ತಿಲ ಬಳಿ ನಿಂತಿತು. ಅಜ್ಜಿ ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಒಳಗೆ ಬಾ ಎಂದೇ ಇರಬೇಕು.

ಹೊರಗೆ ಚಪ್ಪಲಿ ಕಳಚಿಟ್ಟ ಸದ್ದಾಯಿತು.

ದೇವಕಿಯಕ್ಕ ಇನ್ನೊಂದು ಕುರ್ಚಿ ತಂದು ಅಜ್ಜಿಯ ಪಕ್ಕಕ್ಕೆ ಹಾಕಿದರು.