ತೊಳೆಯಬಾರದ ಕಲ್ಲುಗಳು

ನಮ್ಮತ್ತೆ ಬಟವಾಡಿಯ ನಮ್ಮ ಬಾಡಿಗೆ ಮನೆಗೆ ಇರಲು ಬಂದಾಗ ತಂದದ್ದು ಒಂದು ಟ್ರಂಕು ಮತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆ ಬಳ್ಳಿಯ ಒಂದು ತುಂಡು. ಎಂಬತ್ತರ ದಶಕದ ಮೊದಲ ವರ್ಷಗಳವು. ತುಂಡಿನಲ್ಲಿ ಮೂರು ಗೆಣ್ಣು, ಎರಡು ಎಲೆ. ನಿಟ್ಟೂರಿನ ತವರು ತೋಟದಲ್ಲಿ ಅವರ ತಾಯಿ ನೆಟ್ಟಿದ್ದ ಬಳ್ಳಿ. ಅವರ ತಮ್ಮ ಒಂದು ಮಾತು ಕೇಳದೆ ಎಲೆತೋಟವನ್ನೆಲ್ಲ ಕಿತ್ತು ತೆಂಗಿನ ಸಸಿ ಇಟ್ಟಿದ್ದ. ಅತ್ತೆ ಹೋಗಿ ನೋಡಿದಾಗ ಬಳ್ಳಿಗಳು ಬೇಲಿ ಪಕ್ಕ ರಾಶಿ ಬಿದ್ದಿದ್ದವಂತೆ. ಅದರೊಳಗಿಂದ ಬಾಡದೆ ಉಳಿದ ಒಂದೇ ತುಂಡು ಎಳೆದುಕೊಂಡು, "ಇನ್ನು ನಿನ್ನ ಹೊಸ್ಲು ತುಳಿಯಲ್ಲ ಕಣೋ" ಎಂದು ಹೇಳಿ ಬಂದಿದ್ದರು.

"ಇದೊಂದು ಒಣಗೋದ್ರೆ ನಮ್ಮವ್ವ ಇನ್ನೊಂದ್ಸಲ ಸತ್ತಂಗೆ" ಎಂದರು ನನಗೆ.

ನಾವಿದ್ದದ್ದು ಮಹಡಿಯ ಮೇಲೆ. ಮಣ್ಣಿನ ಕುಂಡ ಇಟ್ಟರೆ ತಾರಸಿ ಸೋರುತ್ತದೆಂದು ಕೆಳಗಿನ ಓನರಮ್ಮ ಮೊದಲೇ ಕಟ್ಟಪ್ಪಣೆ ಮಾಡಿದ್ದರು. ಕುಣಿಗಲ್ಲಿನ ನನ್ನ ತವರಿನಲ್ಲಿ ನೆಡೋಣವೆಂದರೆ ಅತ್ತೆ ಒಪ್ಪಲಿಲ್ಲ. "ಕಣ್ಣೆದುರಿಗೇ ಇರ್ಬೇಕು. ಬೇರೆಯವ್ರ ಕೈಗೆ ಬುಟ್ಟಿದ್ದಕ್ಕೇ ಹಿಂಗಾಗಿದ್ದು."

ಆಗ ನನ್ನ ತಲೆಗೊಂದು ಹುಳ ಹೊಕ್ಕಿತು. ನಾನು ಸಸ್ಯಶಾಸ್ತ್ರ ಓದಿ, ಬಿ.ಎಸ್ಸಿ. ಪಾಸು ಮಾಡಿ, ಆಮೇಲೆ ಸಾರು ಕುದಿಸಿಕೊಂಡಿದ್ದವಳು. ಕಾಲೇಜಿನ ಲ್ಯಾಬಿನಲ್ಲಿ ಮಣ್ಣೇ ಇಲ್ಲದೆ, ಲವಣ ಕರಗಿಸಿದ ನೀರಿನಲ್ಲೇ ಹುರುಳಿಕಾಯಿ ಗಿಡ ಹೂಬಿಟ್ಟದ್ದನ್ನು ಕಣ್ಣಾರೆ ಕಂಡಿದ್ದೆ. ಹಳೆಯ ಉಪ್ಪಿನಕಾಯಿ ಜಾಡಿಗೆ ನೀರು ತುಂಬಿ ತುಂಡನ್ನು ಇಳಿಬಿಟ್ಟೆ. ಕೆಲವೇ ದಿನಕ್ಕೆ ಬಿಳಿ ಬೇರು ಬಂತು. ಅತ್ತೆ ದಿನಕ್ಕೆ ಹತ್ತು ಸಲ ಬಗ್ಗಿ ಬಗ್ಗಿ ನೋಡಿದರು. ಆದರೆ ನೀರಿನಲ್ಲೇನಿದೆ? ಬರೀ ಬೇರು ಸಾಲದು, ಬಳ್ಳಿಗೆ ಊಟ ಬೇಕು. ಎಲೆ ಹಳದಿಗೆ ತಿರುಗಿತು.

ಲವಣ ತರಿಸುತ್ತೇನೆಂದಾಗ ಅತ್ತೆ ಸಿಡಿದರು. "ಸೀಮೆಗೊಬ್ರ ತಾನೇ? ದೇವ್ರ ಮುಂದಿಡೋ ಎಲೆಗೆ, ನಾನು ಬಾಯಿಗಾಕೋ ಎಲೆಗೆ ಅದನ್ನ ಮುಟ್ಟಿಸಿದ್ರೆ ನೋಡು! ನಮ್ಮವ್ವ ಹೊಂಗೆ ಹಿಂಡಿ ಹಾಕ್ತಿದ್ಲು. ಹಿಂಡಿನೇ ಹಾಕು."

ನನಗೂ ಕುತೂಹಲವೇ. ಲ್ಯಾಬಿನ ಲವಣದಿಂದ ಆಗುವ ಕೆಲಸ ಗಾಣದ ಹಿಂಡಿಯಿಂದ ಏಕಾಗಬಾರದು? ಹಿಂಡಿಯಲ್ಲಿ ಸಾರಜನಕವಿದೆ ಎಂದು ಪುಸ್ತಕವೇ ಹೇಳುತ್ತದೆ. ಹಿಂಡಿ ನೆನೆಸಿದೆ. ನಾನು ಓದಿದವಳಲ್ಲವೆ, ಕ್ರಿಮಿಕೀಟ ಇರಬಾರದೆಂದು ಚೆನ್ನಾಗಿ ಕುದಿಸಿ, ತೆಳುಬಟ್ಟೆಯಲ್ಲಿ ಸೋಸಿ, ಆರಿಸಿ ಜಾಡಿಗೆ ಸುರಿದೆ.

"ಇದೇನೇ, ಬಾಣಂತಿ ಕಷಾಯನಾ?" ಎಂದು ಅತ್ತೆ ನಕ್ಕರು.

ಮೂರನೇ ದಿನಕ್ಕೆ ನಾತ ಶುರುವಾಯಿತು. ಅಬ್ಬಬ್ಬಾ, ಎಂಥ ನಾತ! ಓನರಮ್ಮ ಕೆಳಗಿನಿಂದಲೇ, "ಮೇಲೆ ಏನಾದ್ರೂ ಸತ್ತಿದೆಯೇನ್ರೀ?" ಎಂದು ಕೂಗಿದರು. ನಾನು ನೀರು ಚೆಲ್ಲಿದೆ, ಜಾಡಿ ಉಜ್ಜಿದೆ, ಬೇರನ್ನು ತೊಳೆದೆ, ಮತ್ತೆ ಕುದಿಸಿದ ಹಿಂಡಿನೀರು ಹಾಕಿದೆ. ದಿನಾ ಇದೇ ಕೆಲಸ. ನಾನು ಹೆಚ್ಚು ಹೆಚ್ಚು ಚೊಕ್ಕಟ ಮಾಡಿದಷ್ಟೂ ಬೇರು ಕಪ್ಪಾಗಿ ಲೋಳೆಯಾಯಿತು. ಮೊದಲ ಎಲೆ ಉದುರಿತು, ಬುಡದ ಗೆಣ್ಣು ಮೆತ್ತಗಾಯಿತು. ಕೊಳೆತದ್ದನ್ನು ಕತ್ತರಿಸಿ ಬರೀ ನೀರಿನಲ್ಲಿಟ್ಟೆ. ಎರಡು ಗೆಣ್ಣು ಉಳಿದವು. ಅತ್ತೆ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರು ಎಲೆ ಅಡಿಕೆ ಚೀಲವನ್ನೇ ಬಿಚ್ಚದೆ ಕೂತರು.

ಆ ವಾರ ಕುಣಿಗಲ್ಲಿಗೆ ಹೋಗಬೇಕಾಯಿತು. ತವರಿನ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದವಳು ಕೊಟ್ಟಿಗೆ ಮೋರಿ ಕಡೆ ನೋಡಿದೆ. ಹುಟ್ಟಿದಾಗಿನಿಂದ ನೋಡಿದ ಮೋರಿ, ನೋಡಿರಲೇ ಇಲ್ಲ. ಗಂಜಲ, ಸಗಣಿ ನೀರು ಜಲ್ಲಿ ಕಲ್ಲಿನ ಮೇಲೆ ತೆಳ್ಳಗೆ ಹರಿದು ಹೋಗುತ್ತಿತ್ತು. ಆ ಕಲ್ಲುಗಳ ನಡುವೆ, ಒಂದು ಚಿಟಿಕೆ ಮಣ್ಣಿಲ್ಲದ ಕಡೆ, ಹೊನಗೊನ್ನೆ ಸೊಪ್ಪು ಕಡುಹಸಿರಾಗಿ ಹಬ್ಬಿತ್ತು. ಎಳೆದು ನೋಡಿದರೆ ಬೇರು ಬೆಳ್ಳಗಿದೆ! ಮೂಗು ಹತ್ತಿರ ಹಿಡಿದೆ. ಮೋರಿಯ ಮೇಲ್ಗಡೆ ನೀರಿಗೆ ನಾತವಿತ್ತು, ಕಲ್ಲು ದಾಟಿ ಬಂದ ನೀರಿಗೆ ಇಲ್ಲ. ಕಲ್ಲು ಮುಟ್ಟಿದರೆ ಜಾರುವಂಥ ಲೋಳೆ.

ಬೂದಿ ಕೈಯಲ್ಲೇ ಕೂತುಬಿಟ್ಟೆ. ಬೇರಿಗೆ ಹಿಂಡಿ ಅಗಿಯಲು ಹಲ್ಲಿಲ್ಲ. ಯಾರಾದರೂ ಅದನ್ನು ಮುರಿದು, ಲವಣ ಮಾಡಿ ಕೊಡಬೇಕು. ಮಣ್ಣಿನಲ್ಲಿ ಆ ಕೆಲಸಕ್ಕೆ ಕಾಣದ ಜೀವಿಗಳಿರುತ್ತವೆ, ಇಲ್ಲಿ ಈ ಲೋಳೆಯಲ್ಲಿವೆ. ಅವಕ್ಕೆ ಗಾಳಿಯೂ ಬೇಕು. ನಾನು ಅವುಗಳನ್ನು ಕುದಿಸಿ ಕೊಂದು, ಉಳಿದವನ್ನು ಉಜ್ಜಿ ಉಜ್ಜಿ ಚೆಲ್ಲಿದ್ದೆ. ಪರೀಕ್ಷೆಯಲ್ಲಿ ಇದನ್ನೇ ಎರಡು ಪುಟ ಬರೆದು ಮಾರ್ಕ್ಸು ತೆಗೆದುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು.

ಮೋರಿ ಕಲ್ಲನ್ನು ಟಿಫನ್ ಕ್ಯಾರಿಯರ್ ತುಂಬ ತುಂಬಿಕೊಂಡು ಬಸ್ಸು ಹತ್ತಿದೆ. ತೂತಿನ ಮಡಕೆಗೆ ಕಲ್ಲು ತುಂಬಿ ಜಾಡಿಯ ಮೇಲಿಡುವುದು, ಹಿಂಡಿನೀರನ್ನು ಲಿಂಗದ ಮೇಲಿನ ಧಾರಾಪಾತ್ರೆಯಂತೆ ಅದರ ಮೇಲೆ ತೊಟ್ಟಿಕ್ಕಿಸುವುದು, ಕೆಳಗೆ ಬಂದ ನೀರನ್ನು ಚೊಂಬಿನಲ್ಲಿ ಮತ್ತೆ ಮೇಲೆ ಹಾಕುವುದು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಮನೆಗೆ ಬಂದು ಕ್ಯಾರಿಯರನ್ನು ಬಚ್ಚಲ ಬಾಗಿಲಲ್ಲಿಟ್ಟು ಮಡಕೆ ತರಲು ಓಡಿದೆ.

ವಾಪಸು ಬಂದಾಗ ಕಲ್ಲುಗಳು ಮೊರದ ತುಂಬ ಪಳಪಳ ಹೊಳೆಯುತ್ತಿದ್ದವು. ಅತ್ತೆ ಸೀಗೆಪುಡಿ ಹಾಕಿ ತಿಕ್ಕಿ, ಬಿಸಿನೀರಿನಲ್ಲಿ ಜಾಲಿಸಿ, ಬಿಸಿಲಿಗೆ ಹರವಿದ್ದರು.

"ಅಯ್ಯೋ, ಏನ್ ಮಾಡಿಬಿಟ್ರಿ!" ಎಂದು ನಾನು ಕಿರುಚಿದೆ. ಅತ್ತೆ ಮೇಲೆ ಹಾಗೆ ದನಿ ಎತ್ತಿದ್ದು ಅದೇ ಮೊದಲು.

"ದೇವ್ರೆಲೆ ಬೆಳೆಯೋದಕ್ಕೆ ಮೋರಿ ಕಲ್ಲು ತಂದಿದೀಯ, ತೊಳೆದುಕೊಡಾಣ ಅಂತ..." ಅವರ ಕೈ ಇನ್ನೂ ಒದ್ದೆಯಿತ್ತು.

ನಾನು ಅಳುತ್ತ ಹೇಳಿದೆ, ಹಿಂಡಿಯನ್ನು ಮುರಿದು ಬಳ್ಳಿಗೆ ಲವಣ ಮಾಡಿಕೊಡುವ ಜೀವಿಗಳೆಲ್ಲ ಆ ಲೋಳೆಯಲ್ಲೇ ಇದ್ದವು ಎಂದು. ಅವರು ಸೆರಗಿಗೆ ಕೈ ಒರೆಸಿಕೊಂಡು, "ದೋಸೆ ಹಿಟ್ಟಿನ ಪಾತ್ರೆ ಪೂರ್ತಿ ತೊಳೆಯದೆ ತಳದಲ್ಲಿ ಒಸಿ ಹಳೇ ಹಿಟ್ಟು ಬುಡ್ತೀವಲ್ಲ, ಹಂಗಾ?" ಎಂದರು.

"ಹೂಂ, ಹಾಗೇ."

"ಅದನ್ನ ಮೊದ್ಲೇ ಹೇಳಕ್ಕೆ ನಿನ್ ಬಾಯಿಗೇನಾಗಿತ್ತೇ? ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ ಕಣೇ." ಆಮೇಲೆ ದನಿ ತಗ್ಗಿಸಿ, "ಕೊನೆಗೆ ಬಳ್ಳಿ ತಿನ್ನೋದು ಉಪ್ಪೇ ಅನ್ನು?"

"ಉಪ್ಪೇ."

"ಅಂಗಡೀದಲ್ವಲ್ಲ, ಬುಡು."

ಭಾನುವಾರ ಮತ್ತೆ ಕುಣಿಗಲ್ಲಿಗೆ ಹೋಗಿ ತರುತ್ತೇನೆಂದೆ. ಜಾಡಿ ನೋಡಿದೆವು. ಇನ್ನೊಂದು ಗೆಣ್ಣೂ ಮೆತ್ತಗಾಗಿತ್ತು, ಕತ್ತರಿಸಿದೆ. ಉಳಿದದ್ದು ಒಂದೇ ಗೆಣ್ಣು, ಒಂದೇ ಎಲೆ. "ಭಾನುವಾರದ ತಂಕ ಇದು ಇರ್ತದಾ?" ಎಂದರು ಅತ್ತೆ. ಮಾರನೆಯ ಬೆಳಗ್ಗೆ ನಾನೇಳುವ ಹೊತ್ತಿಗೆ ಅವರು ಸೀರೆಯುಟ್ಟು ತಯಾರಾಗಿದ್ದರು. ನಿಟ್ಟೂರಿಗೆ ರೈಲಿದೆ, ಸಂಜೆಗೆ ಬರುತ್ತೇನೆ ಎಂದರು. ಯಾರ ಕೊಟ್ಟಿಗೆ ಎಂದು ನಾನು ಕೇಳಲಿಲ್ಲ.

ಸಂಜೆ ಬಂದರು. ಒದ್ದೆ ಗೋಣಿಯಲ್ಲಿ ಕಲ್ಲು, ಸೆರಗಿನ ತುಂಬ ಮೋರಿ ವಾಸನೆ. "ಹೊಸ್ಲು ತುಳೀಲಿಲ್ಲ, ಹಿತ್ಲಿಂದ ಹೋದೆ" ಎಂದರು ಮೊದಲಿಗೇ. "ಮೋರಿ ಕಲ್ಲು ಕೊಡೋ ಅಂದ್ರೆ, ಅಕ್ಕಂಗೆ ತಲೆ ಕೆಟ್ಟದೆ ಅನ್ಕೊಂಡ. ಅವ್ವನ ಬಳ್ಳಿ ಒಂದ್ಗೆಣ್ಣು ಇನ್ನೂ ಜೀವಂತ ಅದೆ ಅಂದೆ. ಆಮೇಲೆ ಅವನೇ ಇಳಿದು ಆರಿಸ್ಕೊಟ್ಟ."

ಈ ಸಲ ಕುದಿಸಲಿಲ್ಲ. ಹಿಂಡಿನೀರನ್ನು ಹುಳಿ ಬರಿಸಿ, ತೀರಾ ತೆಳ್ಳಗೆ ಮಾಡಿ, ಕಲ್ಲಿನ ಮೇಲೆ ತೊಟ್ಟಿಕ್ಕಿಸಿದೆ. ಮೊದಮೊದಲು ಆ ನೀರನ್ನು ಬಳ್ಳಿಗೆ ಮುಟ್ಟಿಸದೆ ಪಕ್ಕದ ಬಕೆಟ್ಟಿಗೇ ಬಿಟ್ಟೆ. ನಾತ ಇಳಿದ ಮೇಲೆ ಜಾಡಿಗೆ ತಿರುಗಿಸಿದೆ. ಚೊಂಬು ಹೊಯ್ಯುವ ಕೆಲಸ ಅತ್ತೆಯದು. ಎಷ್ಟೋ ದಿನ ಏನೂ ಆಗಲಿಲ್ಲ. ಒಂದು ಬೆಳಗ್ಗೆ ಗೆಣ್ಣಿನ ಕಂಕುಳಲ್ಲಿ ಎಳೆಹಸಿರು ಮೊನೆ ಕಂಡಿತು. "ಬಂದ್ಲು!" ಎಂದು ಅತ್ತೆ ಕೂಗಿದ್ದಕ್ಕೆ ಓನರಮ್ಮ, ಯಾರೋ ನೆಂಟರು ಬಂದರೆಂದು ಮೇಲೆ ಬಂದರು.

ಬಳ್ಳಿ ಕಿಟಕಿ ಸರಳು ಹಿಡಿದು ಅಳತೆ ಮೀರಿ ಬೆಳೆದ ಮೇಲೆ ಅತ್ತೆ ಎರಡು ಎಲೆ ಕೊಯ್ದರು. ಒಂದನ್ನು ದೇವರ ಮುಂದಿಟ್ಟರು. ಇನ್ನೊಂದಕ್ಕೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಿಚಿ ಬಾಯಿಗೆ ಹಾಕಿಕೊಂಡರು. ನಾನು ಫಲಿತಾಂಶಕ್ಕೆ ಕಾದವಳಂತೆ ಎದುರಿಗೆ ನಿಂತೆ.

"ಹೆಂಗಿದೆ ಅತ್ತೆ?"

ಅಗಿದರು. ಕಣ್ಣಲ್ಲಿ ನೀರು ಬಂತು. "ಸಪ್ಪೆ ಕಣೇ. ಖಾರನೇ ಇಲ್ಲ. ನಮ್ಮವ್ವನ ಎಲೆ ನೆತ್ತಿಗೇರೋದು."

ಅಷ್ಟು ಪಾಡುಪಟ್ಟು ಸಪ್ಪೆ ಎಲೆ! ಇನ್ನೇನು ಬೆರೆಸಬೇಕು, ಎಷ್ಟು ದಿನ ಹುಳಿ ಬರಿಸಬೇಕು ಎಂದು ನಾನು ಗೊಣಗುತ್ತಿರುವಾಗಲೇ ಅವರು ಕತ್ತರಿ ತಂದು ಬಳ್ಳಿಯ ತುದಿಯಿಂದ ಮೂರು ಗೆಣ್ಣಿನ ತುಂಡು ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿದರು.

"ಆ ಖಾರ ಆ ಮಣ್ಣಿಂದು. ನನ್ ತಮ್ಮನ ತಾವೇ ನೆಡ್ಬೇಕು" ಎಂದರು. "ಅವನಿಗೂ ಅವಳೇ ಅವ್ವ ಅಲ್ವೇನೇ?"

ಮೆಟ್ಟಿಲು ಅರ್ಧ ಇಳಿದವರು ತಿರುಗಿ ನಿಂತರು. "ಈ ಸಲ ಮುಂದ್ಲ ಬಾಗಿಲಿಂದ್ಲೇ ಹೋಯ್ತೀನಿ. ನಾನು ಬರೋ ತಂಕ ಆ ಕಲ್ಲು ಮಾತ್ರ ತೊಳೆದುಬುಟ್ಟೀಯ, ಹುಷಾರು!"