ಅರ್ಧ ಅರಳಿದ ಸಂಜೀವಿನಿ

ಶಿವಬಸವ ನಗರದ ರಸ್ತೆ ಬದಿಯಲ್ಲಿ ಇಂದು ಒಬ್ಬಾತ ಒಣಗಿ ಮುದುಡಿದ ಸಂಜೀವಿನಿ ಗಿಡಗಳನ್ನು ನೀರಿಗೆ ಹಾಕಿ ಮಾರುತ್ತಿದ್ದ. ಹಸಿ ಮಣ್ಣಿನಂಥ ಆ ವಾಸನೆಗೆ ಖಾನಾಪುರದ ಆಯಿಯ ಮನೆ ನೆನಪಾಯಿತು.

ಆಯಿ ಅಂದರೆ ಅವ್ವನ ತಾಯಿ. ಅವ್ವ ಎರಡನೇ ಹೆರಿಗೆಗೆ ನನ್ನನ್ನೂ ಕರೆದುಕೊಂಡು ಅಲ್ಲಿಗೆ ಬಂದಿದ್ದಳು. ನೋವು ಶುರುವಾದಾಗ ಆಯಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಮುಷ್ಟಿಯಂಥ ಗಿಡವನ್ನು ಹೆರಿಗೆ ಕೋಣೆಯ ಹೊರಗೆ ಹಿತ್ತಾಳೆ ತಾಟಿನ ನೀರಿನಲ್ಲಿಟ್ಟಳು. ಅದು ಅರಳಿದಂತೆ ಹೆರಿಗೆ ಹಗುರಾಗುತ್ತದೆ ಎಂಬ ನಂಬಿಕೆ. ಪಾಚಿಯಂತೆ ಕಾಣುವ ಅದು ಪಾಚಿಯಲ್ಲ, ಹೂವೂ ಬೀಜವೂ ಭೂಮಿಗೆ ಬರುವ ಮೊದಲೇ ಬೇರೂರಿದ್ದ ಬಳಗದ ಗಿಡ ಎಂದು ಓದಿದ್ದು ಎಷ್ಟೋ ವರ್ಷಗಳ ನಂತರ. ಅಂದು ಕಂಡದ್ದು ಇಷ್ಟೇ: ಒಂದು ಬದಿ ಬಿಚ್ಚಿಕೊಂಡಿತ್ತು, ಇನ್ನೊಂದು ಮುದುಡಿಯೇ ಇತ್ತು. ಮಧ್ಯಾಹ್ನ ಕಳೆದರೂ ಅಲುಗಲಿಲ್ಲ. ಅವ್ವನ ದನಿ ಸಣ್ಣದಾಗುತ್ತಿತ್ತು.

ಸೂಲಗಿತ್ತಿ ಒಳಗಿನಿಂದ ಕೂಗಿದಳು, “ಅರಳಿತೇನ್ರೀ? ಈಕಿ ಕೇಳಾಕತ್ತಾಳ. ಕೈಕಾಲು ಬಿಟ್ಟಾಳ್ರಿ.”

ಆಯಿ ತಾಟನ್ನು ನೋಡಿದಳು. ಆಮೇಲೆ ಬಾಗಿಲಿಗೆ ಮುಖ ಮಾಡಿ, “ಪೂರಾ ಅರಳೇತಿ! ಇನ್ನೇನು, ಜೋರು ಹಾಕಂತ ಹೇಳ್ರಿ” ಎಂದಳು.

“ಆಯಿ, ಅರ್ಧಾ ಅಷ್ಟ ಅರಳೇತಲ್ಲ” ಎಂದೆ.

ಅವಳು ನನ್ನ ಬಾಯಿಗೆ ಸೆರಗು ಒತ್ತಿದಳು. “ಸುಮ್ನ ಕುಂದ್ರ. ಹಡಿಯಾಕಿ ನನ್ನ ಮಗಳು, ಗಿಡ ಅಲ್ಲ.”

ಆ ಸೆರಗಿನೊಳಗೆ ಉಸಿರು ಹಿಡಿದು ಕೂತಿದ್ದಾಗಲೇ ತಮ್ಮನ ಅಳು ಕೇಳಿತು.

ಆಯಿ ಈಗಿಲ್ಲ. ಆ ಸಂಜೀವಿನಿ ಎಷ್ಟು ಚೆಂದ ಅರಳಿತ್ತು ಎಂದು ಅವ್ವ ಇವತ್ತಿಗೂ ಹೇಳುತ್ತಾಳೆ. ನಾನು ಹೂಂ ಎನ್ನುತ್ತೇನೆ.